ಸಿಎನ್‌ಸಿ ಯಂತ್ರದಲ್ಲಿ ತೇಗದ ಬೆಂಚು: ನಕ್ಷೆಯಿಂದ ಪಾಲಿಶ್‌ವರೆಗೆ

ನಮ್ಮ ಕಡೆ ಸಿಎನ್‌ಸಿ ರೂಟರ್ (ಕಂಪ್ಯೂಟರಿನ ನಕ್ಷೆಯಂತೆ ತಾನೇ ಮರ ಕೊರೆಯುವ ಯಂತ್ರ) ಅಂದರೆ ದೇವರಮನೆ ಬಾಗಿಲಿನ ಕೆತ್ತನೆ, ಎಂಡಿಎಫ್ ಜಾಲಿ, ಮನೆಯ ನಾಮಫಲಕ, ಅಷ್ಟೇ. ಅದೇ ಯಂತ್ರದಲ್ಲಿ ಕೂರುವ ಬೆಂಚಿನ ಜೋಡಣೆಗಳನ್ನೂ ಕೊರೆಸಬಹುದು. ಮೊಳೆ, ಸ್ಕ್ರೂ ಒಂದೂ ಬೇಡ.

ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಈ ಬೆಂಚಿಗೆ ಯಂತ್ರ ಓಡುವುದು ಹೆಚ್ಚೆಂದರೆ ಒಂದು ಗಂಟೆ. ಅದಕ್ಕೆ ಮುಂಚೆ ಮರ ಆರಿಸಿ ನಕ್ಷೆ ಬರೆಯುವುದು, ಆಮೇಲೆ ಉಳಿ ಹಿಡಿದು, ಉಜ್ಜಿ, ಪಾಲಿಶ್ ಮಾಡುವುದು, ಇವಕ್ಕೆ ದಿನಗಟ್ಟಲೆ ಬೇಕು. ಬೆಂಚು ಚೆನ್ನಾಗಿ ಬರುವುದೂ ಕೆಡುವುದೂ ಅಲ್ಲೇ. ಹಾಗಾಗಿ ಈ ಬರಹದಲ್ಲೂ ಯಂತ್ರದ ಭಾಗ ಸಣ್ಣದು.

ಏನು ಮಾಡುತ್ತಿದ್ದೇವೆ

ಮೇಲೊಂದು ಹಲಗೆ, ಎರಡು ಅಗಲವಾದ ಹಲಗೆ ಕಾಲು, ನಡುವೆ ಒಂದು ಅಡ್ಡಪಟ್ಟಿ. ಎಲ್ಲವೂ 25 ಮಿ.ಮೀ. ದಪ್ಪ. ಎಲ್ಲವೂ ಚಪ್ಪಟೆ ಭಾಗಗಳಾದ್ದರಿಂದ ಸಾಮಾನ್ಯ ಮೂರು ಅಕ್ಷದ ರೂಟರ್ ಸಾಕು.

ಮೇಲ್ಹಲಗೆ: 900 × 300 ಮಿ.ಮೀ.
ಕಾಲು, ಎರಡು: ಅಗಲ 280, ಎತ್ತರ 420, ಅದರ ಮೇಲೆ 27 ಮಿ.ಮೀ. ಉದ್ದದ ಎರಡೆರಡು ನಾಲಿಗೆ (ಇನ್ನೊಂದು ಹಲಗೆಯ ತೂತಿಗೆ ತೂರುವ ಚಾಚು). ಪ್ರತಿ ನಾಲಿಗೆಯ ಅಗಲ 60.
ಅಡ್ಡಪಟ್ಟಿ: ಉದ್ದ 760, ಅಗಲ 100. ಎರಡೂ ತುದಿಯಲ್ಲಿ 75 ಮಿ.ಮೀ. ಉದ್ದ, 60 ಅಗಲದ ನಾಲಿಗೆ.
ಬೆಣೆ: ಅಡ್ಡಪಟ್ಟಿಗೆ ಎರಡು, ಕಾಲಿನ ನಾಲಿಗೆಗಳಿಗೆ ನಾಲ್ಕು.

ಕಾಲಿನ ನಾಲಿಗೆಗಳು ಮೇಲ್ಹಲಗೆಯನ್ನು ದಾಟಿ 2 ಮಿ.ಮೀ. ಹೊರಗೆ ಬರುತ್ತವೆ. ಅದನ್ನು ಕೊನೆಗೆ ಕೀಸುಳಿಯಿಂದ ಸಮ ಮಾಡುತ್ತೇವೆ. ಅಡ್ಡಪಟ್ಟಿಯ ನಾಲಿಗೆ ಕಾಲನ್ನು ತೂರಿ 50 ಮಿ.ಮೀ. ಆಚೆ ಬರುತ್ತದೆ, ಅದರೊಳಗೆ ಬೆಣೆ ಹೊಡೆದು ಬಿಗಿ ಮಾಡುತ್ತೇವೆ. ಕೂತರೆ ನೆಲದಿಂದ 445 ಮಿ.ಮೀ. ಎತ್ತರ. ಬೂಟು ಹಾಕಿಕೊಳ್ಳಲು, ಊಟಕ್ಕೆ ಕೂರಲು ಹದವಾದ ಎತ್ತರ ಅದು.

ಮರ

ತೇಗ ಬೇಕೇ ಬೇಕು ಅಂತೇನೂ ಇಲ್ಲ. ಹಲಸು, ಹೊನ್ನೆ, ಮತ್ತಿ ಯಾವುದರಲ್ಲೂ ಮಾಡಬಹುದು. ಮೊದಲ ಸಲಕ್ಕೆ ತೇಗ ಹೇಳುವುದು ಅದು ಆಕಾರ ಕೆಡುವುದು ಕಡಿಮೆ ಎಂಬ ಕಾರಣಕ್ಕೆ. ಸಿಲ್ವರ್ ಓಕ್ ಅಗ್ಗ, ಆದರೆ ಸರಿಯಾಗಿ ಒಣಗಿಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ಹಳೆ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲ ಚೌಕಟ್ಟು ಸಿಕ್ಕರೆ ಬಿಡಬೇಡಿ. ದಶಕಗಳ ಕಾಲ ಒಣಗಿದ ಮರ ಅದು. ಮೊಳೆಗಳನ್ನು ಮಾತ್ರ ಒಂದೊಂದಾಗಿ ಹುಡುಕಿ ಕೀಳಬೇಕು. ಒಳಗೇ ಮುರಿದು ಕೂತ ಮೊಳೆ ಕಣ್ಣಿಗೆ ಕಾಣಿಸುವುದಿಲ್ಲ. ಒಂದು ಬಲವಾದ ಅಯಸ್ಕಾಂತವನ್ನು ಹಲಗೆಯ ಮೇಲೆ ಆಡಿಸಿ ನೋಡಿ. ನಿಮಿಷಕ್ಕೆ 18,000 ಸುತ್ತು ತಿರುಗುವ ‘ಬಿಟ್ಟು’, ಅಂದರೆ ಯಂತ್ರದ ಕೊರೆಯುವ ಮೊನೆ, ಮೊಳೆಗೆ ತಗುಲಿದರೆ ಅದು ಮುರಿದು ಯಾವ ಕಡೆ ಹಾರುತ್ತದೋ ಹೇಳಲಾಗದು.

ಟಿಂಬರ್ ಅಂಗಡಿಯಲ್ಲಿ ಘನ ಅಡಿ ಲೆಕ್ಕ. ಈ ಬೆಂಚಿಗೆ ಸವೆತ, ಅಂಚು ಎಲ್ಲ ಸೇರಿ ಒಂದೂಕಾಲು ಘನ ಅಡಿ ಸಾಕು. 32 ಮಿ.ಮೀ. ದಪ್ಪಕ್ಕೆ ಸೀಳಿಸಿಕೊಳ್ಳಿ, ಪ್ಲೇನಿಂಗ್ ಆದ ಮೇಲೆ 25 ಉಳಿಯುತ್ತದೆ. ಚೇಗು ಇರುವ ಕಂದು ಭಾಗವನ್ನೇ ಕೇಳಿ. ಅಂಚಿನ ಬಿಳಿ ಭಾಗಕ್ಕೆ ಹುಳ ಬೇಗ ಬೀಳುತ್ತದೆ. ಎಳೆ ವಯಸ್ಸಿನ ತೋಟದ ತೇಗದಲ್ಲಿ ಈ ಬಿಳಿ ಜಾಸ್ತಿ. ನಿಮ್ಮದೇ ತೋಟದ ತೇಗವಾದರೆ ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ನೆನಪಿರಲಿ. ಮಾರಿದವರು ಹೇಳಿದ ಮರವೇ ಹೌದೋ ಅಲ್ಲವೋ ಅನುಮಾನ ಬಂದರೆ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತುಂಡು ಕೊಟ್ಟು ಗುರುತು ಹಿಡಿಸಬಹುದು.

ಈಗ ತೇವಾಂಶ. ಎಲ್ಲಕ್ಕಿಂತ ಮುಖ್ಯ ಇದೇ. ಪಿನ್ ಇರುವ ತೇವಾಂಶ ಮೀಟರ್ ಒಂದನ್ನು ಕೊಂಡುಬಿಡಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಗೆ ಶೇ. 10ರಿಂದ 12 ತೋರಿಸಬೇಕು. ಮಂಗಳೂರು, ಕಾರವಾರದ ಮನೆಗೆ ಒಂದೆರಡು ಜಾಸ್ತಿ ಇದ್ದರೆ ನಡೆಯುತ್ತದೆ. ತಂದ ಹಲಗೆಗಳ ನಡುವೆ ರೀಪರ್ ತುಂಡು ಇಟ್ಟು, ಗಾಳಿಯಾಡುವ ಹಾಗೆ ಮನೆಯೊಳಗೇ ಎರಡು ವಾರ ಜೋಡಿಸಿಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮರ ಉದ್ದಕ್ಕೆ ಹಿಗ್ಗುವುದಿಲ್ಲ ಅನ್ನಬಹುದು, ಅಗಲಕ್ಕೆ ಹಿಗ್ಗುತ್ತದೆ. 300 ಮಿ.ಮೀ. ಅಗಲದ ತೇಗದ ಹಲಗೆಯಲ್ಲಿ ತೇವಾಂಶ ಶೇ. 4ರಷ್ಟು ಏರಿಳಿದರೆ ಅಗಲ ಸುಮಾರು 2 ಮಿ.ಮೀ. ಬದಲಾಗುತ್ತದೆ. ಯಂತ್ರ ಒಂದು ಮಿ.ಮೀ.ನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಕೊರೆದದ್ದು ಹಸಿ ಮರವಾದರೆ ಮುಂದಿನ ಬೇಸಿಗೆಗೆ ಆ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ, ಅಲ್ವಾ? ಈ ಬೆಂಚಿನಲ್ಲಿ ಹಲಗೆ ಕಾಲು ಆರಿಸಿದ್ದೂ ಅದಕ್ಕೇ. ಮೇಲ್ಹಲಗೆಯ ಅಗಲ, ಕಾಲಿನ ಅಗಲ ಎರಡೂ ಒಂದೇ ದಿಕ್ಕಿನಲ್ಲಿ ಹಿಗ್ಗಿ ಕುಗ್ಗುತ್ತವೆ. ಒಂದನ್ನೊಂದು ಎಳೆದಾಡುವುದಿಲ್ಲ.

ಹಲಗೆ ಅಂಟಿಸುವುದು

300 ಅಗಲದ ಒಂದೇ ಹಲಗೆ ಸಿಕ್ಕರೂ ಬೆಲೆ ಜಾಸ್ತಿ, ಬಾಗುವ ಭಯವೂ ಉಂಟು. ಎರಡು ಹಲಗೆ ಅಂಟಿಸುವುದೇ ವಾಸಿ. ಆದರೆ ಬೆಸುಗೆ ಗೆರೆ ಎಲ್ಲಿ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. ಮೇಲ್ಹಲಗೆಯಲ್ಲಿ ತೂತುಗಳು ಒಂದು ಅಂಚಿನಿಂದ 50ರಿಂದ 110, 190ರಿಂದ 250 ಮಿ.ಮೀ. ಜಾಗದಲ್ಲಿ ಬರುತ್ತವೆ. ಹಾಗಾಗಿ 150ರಲ್ಲಿ, ಅಂದರೆ ನಡುಮಧ್ಯ ಅಂಟಿಸಿದರೆ ತೊಂದರೆ ಇಲ್ಲ. ಮೂರು ಸಮ ಹಲಗೆ ಹಾಕಿದರೆ ಎರಡು ಗೆರೆಯೂ ತೂತಿನೊಳಗೇ ಬೀಳುತ್ತದೆ. ಕಾಲಿನಲ್ಲಿ ಇದು ತಿರುಗುಮುರುಗು. ಅಲ್ಲಿ ನಡುಮಧ್ಯ ಅಡ್ಡಪಟ್ಟಿಯ ತೂತು ಬರುತ್ತದೆ. ಆದ್ದರಿಂದ 115 ಮತ್ತು 165 ಮಿ.ಮೀ. ಅಗಲದ ಎರಡು ಹಲಗೆ ಸೇರಿಸಿ.

ಸುತ್ತಲೂ 20 ಮಿ.ಮೀ. ಹೆಚ್ಚಿಗೆ ಬಿಡಿ. ಯಂತ್ರದ ಮೇಲೆ ಹಲಗೆ ಹಿಡಿಸುವ ಸ್ಕ್ರೂಗಳಿಗೆ ಆ ಜಾಗ ಬೇಕು.

ತೇಗದಲ್ಲಿ ಎಣ್ಣೆ ಅಂಶ ಇದೆ. ಅಂಚು ಹೆರೆದು ದಿನಗಟ್ಟಲೆ ಬಿಟ್ಟರೆ ಆ ಎಣ್ಣೆ ಮೇಲೆ ಬಂದು ಅಂಟು ಹಿಡಿಯುವುದಿಲ್ಲ. ಹೆರೆದ ದಿನವೇ, ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ, ಆರಿದ ಕೂಡಲೇ ಅಂಟಿಸಿ. ಫೆವಿಕಾಲ್ ಮರೈನ್‌ನಂಥ ನೀರು ತಡೆಯುವ ಅಂಟು ಒಳ್ಳೆಯದು. ಕ್ಲಾಂಪ್ ಬಿಗಿ ಮಾಡಿದಾಗ ಗೆರೆಯುದ್ದಕ್ಕೂ ಅಂಟು ಸಣ್ಣ ಮಣಿಗಳಾಗಿ ಹೊರಬಂದರೆ ಸರಿಯಾಗಿದೆ ಅಂತ. ಒಂದು ರಾತ್ರಿ ಬಿಟ್ಟು, ಪ್ಲೇನಿಂಗ್ ಮಾಡಿಸಿ 25ಕ್ಕೆ ತನ್ನಿ. ಎಲ್ಲಾ ಹಲಗೆಯನ್ನೂ ಒಂದೇ ಸಲ, ಒಂದೇ ಸೆಟ್ಟಿಂಗ್‌ನಲ್ಲಿ ಮಾಡಿಸಿ.

ನಕ್ಷೆ

ನಕ್ಷೆ ಬರೆಯುವ ಸಾಫ್ಟ್‌ವೇರ್‌ಗಳಲ್ಲಿ ಫ್ರೀಕ್ಯಾಡ್ ಪೂರ್ತಿ ಉಚಿತ. ಫ್ಯೂಷನ್‌ಗೂ ಹವ್ಯಾಸಿಗಳಿಗಾಗಿ ಉಚಿತ ಆವೃತ್ತಿ ಇದೆ. ಇಷ್ಟು ಸರಳ ಬೆಂಚಿಗೆ ಇಂಕ್‌ಸ್ಕೇಪ್‌ನಲ್ಲಿ ಗೆರೆ ಎಳೆದರೂ ಆದೀತು. ಆದರೂ ನಾನು ಫ್ರೀಕ್ಯಾಡ್ ಅಥವಾ ಫ್ಯೂಷನ್ ಅನ್ನೇ ಹೇಳುತ್ತೇನೆ. ಕಾರಣ ಒಂದೇ, ದಪ್ಪ.

ಯಂತ್ರ ಹಲಗೆಯ ಹೊರಗೆರೆಯನ್ನು ಕೊರೆಯುತ್ತದೆ, ದಪ್ಪವನ್ನಲ್ಲ. ನಾಲಿಗೆಯ ದಪ್ಪ ಅಂದರೆ ಹಲಗೆಯ ದಪ್ಪವೇ. ಪ್ಲೇನಿಂಗ್ ಅಂಗಡಿಯವರು 25 ಅಂದರೂ ಕೈಗೆ ಬರುವುದು 24.6 ಇರಬಹುದು, 25.3 ಇರಬಹುದು. ತೂತನ್ನು 25 ಅಂತ ಬರೆದುಬಿಟ್ಟರೆ ಒಂದೋ ಅಲುಗಾಡುತ್ತದೆ, ಇಲ್ಲವೇ ಒಳಗೇ ಹೋಗುವುದಿಲ್ಲ. ಆದ್ದರಿಂದ ದಪ್ಪವನ್ನು ನಕ್ಷೆಯಲ್ಲಿ ಒಂದು ಬದಲಾಯಿಸಬಹುದಾದ ಅಳತೆಯಾಗಿ ಇಡಿ. ಹಲಗೆ ಕೈಗೆ ಬಂದ ಮೇಲೆ ವರ್ನಿಯರ್‌ನಿಂದ ನಾಲ್ಕಾರು ಕಡೆ ಅಳೆದು ಆ ಸಂಖ್ಯೆ ತುಂಬಿ. ಎಲ್ಲಾ ತೂತುಗಳೂ ತಾವಾಗಿಯೇ ಸರಿಹೋಗುತ್ತವೆ.

ಸಡಿಲ ಎಷ್ಟು ಬಿಡಬೇಕು? ಅಂಟು ಹಾಕುವ ಮೇಲ್ಹಲಗೆಯ ತೂತಿಗೆ ದಪ್ಪಕ್ಕಿಂತ 0.1 ಮಿ.ಮೀ. ಜಾಸ್ತಿ. ಅಂಟಿಲ್ಲದೆ ಬೆಣೆಯಿಂದಲೇ ಬಿಗಿಯಾಗುವ ಅಡ್ಡಪಟ್ಟಿಯ ತೂತಿಗೆ ದಪ್ಪದಲ್ಲಿ 0.3, ಎತ್ತರದಲ್ಲಿ 1 ಮಿ.ಮೀ. ಎತ್ತರಕ್ಕೆ ಹೆಚ್ಚು ಬಿಡುವುದು ಯಾಕೆಂದರೆ ಅಡ್ಡಪಟ್ಟಿ ಆ ದಿಕ್ಕಿಗೆ ಹಿಗ್ಗುತ್ತದೆ, ಕಾಲು ಆ ದಿಕ್ಕಿಗೆ ಹಿಗ್ಗುವುದಿಲ್ಲ.

ಇನ್ನು ಜಾಗಗಳು. ಕಾಲಿನ ಹೊರಮೈ ಮೇಲ್ಹಲಗೆಯ ತುದಿಯಿಂದ 120 ಮಿ.ಮೀ. ಒಳಗೆ. ಕಾಲಿನ ನಾಲಿಗೆಗಳು ಒಂದು ಅಂಚಿನಿಂದ 40ರಿಂದ 100, 180ರಿಂದ 240. ಅಡ್ಡಪಟ್ಟಿಯ ತೂತು ಕಾಲಿನ ಮಧ್ಯದಲ್ಲಿ, ಮೇಲ್ಹಲಗೆಯ ಅಡಿಯಿಂದ 120 ಕೆಳಗೆ ಶುರು. ಕಾಲಿನ ಬುಡದಲ್ಲಿ ಕಮಾನಿನಂತೆ 120 ಅಗಲ, 30 ಎತ್ತರದ ತುಂಡು ತೆಗೆದುಬಿಡಿ. ಆಗ ಏರುತಗ್ಗಿನ ನೆಲದಲ್ಲೂ ಬೆಂಚು ಕುಂಟುವುದು ಕಡಿಮೆ.

ಬೆಣೆಯ ಕಿಂಡಿಯ ಬಗ್ಗೆ ಗಮನ ಕೊಡಿ. ಅಡ್ಡಪಟ್ಟಿಯ ನಾಲಿಗೆಯಲ್ಲಿ, ಬುಡದಿಂದ 23 ಮಿ.ಮೀ.ಗೆ ಶುರುವಾಗಿ 40ಕ್ಕೆ ಮುಗಿಯುವ, 12 ಎತ್ತರದ ಕಿಂಡಿ. ಕಾಲಿನ ದಪ್ಪ 25. ಅಂದರೆ ಕಿಂಡಿಯ ಒಳಬದಿ ಕಾಲಿನೊಳಗೇ 2 ಮಿ.ಮೀ. ಮುಳುಗಿರುತ್ತದೆ. ಬೇಕೆಂದೇ ಹೀಗೆ. ಬೆಣೆ ಕಾಲಿನ ಮೈಗೆ ಒತ್ತಿದರೆ ಮಾತ್ರ ಕಾಲು ಬಿಗಿಯಾಗುತ್ತದೆ. ಕಿಂಡಿ 25ಕ್ಕೇ ಶುರುವಾದರೆ ಬೆಣೆ ಕಿಂಡಿಯ ಒಳಗೋಡೆಗೆ ತಾಗಿ ನಿಂತುಬಿಡುತ್ತದೆ, ಎಷ್ಟು ಹೊಡೆದರೂ ಕಾಲು ಅಲುಗುತ್ತಲೇ ಇರುತ್ತದೆ.

ಹೆಸರೋ, ಒಂದು ಸಾಲೋ ಕೆತ್ತಿಸುವ ಆಸೆ ಇದ್ದರೆ ಕನ್ನಡ ಅಕ್ಷರಗಳನ್ನು ಅಕ್ಷರವಾಗಿ ಕಳಿಸಲೇಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಪಕ್ಕಕ್ಕೆ ಹಾರುತ್ತದೆ, ಗುಡಿಸು ಇನ್ನೆಲ್ಲೋ ಕೂರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಅಕ್ಷರವನ್ನು ಗೆರೆಯಾಗಿ ಬದಲಾಯಿಸಿ ಕಳಿಸಿ. ಎತ್ತರ 25 ಮಿ.ಮೀ.ಗಿಂತ ಕಡಿಮೆ ಬೇಡ. ಒತ್ತುಗಳ ನಡುವಿನ ತೆಳು ಮರ ಕಿತ್ತುಬರುತ್ತದೆ.

ಅಂಗಡಿಗೆ ಹೋಗುವ ಮುನ್ನ

ಸ್ವಂತ ಯಂತ್ರ ಇರುವವರು ಕಡಿಮೆ. ಹೆಚ್ಚಿನ ಊರುಗಳಲ್ಲಿ ಸಿಎನ್‌ಸಿ ಕಟಿಂಗ್ ಅಂಗಡಿಗಳಿವೆ. ಸಾಮಾನ್ಯವಾಗಿ 1300 × 2500 ಮಿ.ಮೀ. ಮೇಜಿನ ಯಂತ್ರ ಇರುತ್ತದೆ. ಗಂಟೆ ಲೆಕ್ಕವೋ, ಕೆಲಸದ ಲೆಕ್ಕವೋ ಕೇಳಿಕೊಳ್ಳಿ. ಗಟ್ಟಿ ಮರ ಕೊರೆಯುತ್ತೀರಾ ಅಂತಲೂ ಕೇಳಿ. ದಿನವಿಡೀ ಎಂಡಿಎಫ್ ಕೊರೆಯುವವರ ಬಿಟ್ಟು ಮೊಂಡಾಗಿದ್ದರೆ ತೇಗ ಸುಟ್ಟು ಕಪ್ಪಾಗುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಬಿಟ್ಟು ಬೇಗ ಸವೆಯುತ್ತದೆ ಕೂಡ. ಹೊಸ ಕಾರ್ಬೈಡ್ ಬಿಟ್ಟು ನೀವೇ ತಂದುಕೊಟ್ಟರೆ ಯಾರಿಗೂ ಬೇಸರವಿಲ್ಲ.

ನಕ್ಷೆಯ ಡಿಎಕ್ಸ್‌ಎಫ್ ಫೈಲನ್ನು ಮಿ.ಮೀ.ನಲ್ಲಿ, ಒಂದಕ್ಕೆ ಒಂದರ ಅಳತೆಯಲ್ಲಿ ಕೊಡಿ. ಮೂಲೆಯಲ್ಲಿ 100 × 100ರ ಒಂದು ಚೌಕ ಹಾಕಿ. ಅವರ ಪರದೆಯಲ್ಲಿ ಆ ಚೌಕ 100 ತೋರಿಸದಿದ್ದರೆ ಎಲ್ಲೋ ಇಂಚು ನುಸುಳಿದೆ ಅಂತ ತಿಳಿಯುತ್ತದೆ. ಪ್ರತಿ ಭಾಗದ ಮೇಲೂ ಮರದ ಎಳೆ ಯಾವ ಕಡೆ ಓಡಬೇಕು ಅಂತ ಬಾಣ ಬರೆಯಿರಿ. ಇದನ್ನು ಬಿಟ್ಟರೆ ಆಪರೇಟರ್ ಜಾಗ ಉಳಿಸಲು ಕಾಲನ್ನು ಅಡ್ಡ ತಿರುಗಿಸುತ್ತಾರೆ. ಅಡ್ಡ ಎಳೆಯ ನಾಲಿಗೆ ಕೈಯಲ್ಲೇ ಮುರಿಯುತ್ತದೆ.

ಕೊರೆಯುವ ದಿನ

ಕೆಲಸದ ಹಲಗೆಯ ಕೆಳಗೆ ಹಾಸಿದ ಎಂಡಿಎಫ್ ಸಮವಾಗಿದೆಯೇ ನೋಡಿ. ಆಳದ ಸೊನ್ನೆಯನ್ನು ನಿಮ್ಮ ಹಲಗೆಯ ಮೇಲ್ಮೈಗೆ ಇಡುವ ಬದಲು ಆ ಎಂಡಿಎಫ್ ಮೇಲ್ಮೈಗೆ ಇಡಲು ಹೇಳಿ. ಆಗ ಹಲಗೆಯ ದಪ್ಪ ಕೊಂಚ ಹೆಚ್ಚುಕಡಿಮೆ ಇದ್ದರೂ ತೂತು ಪೂರ್ತಿ ಕೆಳಗಿಳಿಯುತ್ತದೆ.

6 ಮಿ.ಮೀ. ಬಿಟ್ಟು, ಎರಡು ಅಲಗಿನದು. ನಿಮಿಷಕ್ಕೆ 18,000 ಸುತ್ತು, ಓಟ (ಬಿಟ್ಟು ಮುಂದೆ ಸಾಗುವ ವೇಗ) ನಿಮಿಷಕ್ಕೆ 2.5ರಿಂದ 3 ಮೀಟರ್, ಒಂದು ಸಲಕ್ಕೆ 3 ಮಿ.ಮೀ. ಆಳ. ಹೊಟ್ಟು ಸಣ್ಣ ಚಕ್ಕೆಯಂತೆ ಬರಬೇಕು. ಹಿಟ್ಟಿನ ಹಾಗೆ ನುಣ್ಣಗೆ ಬಂದು ಸುಟ್ಟ ವಾಸನೆ ಹೊಡೆದರೆ ಓಟ ಸಾಲದು ಅಥವಾ ಬಿಟ್ಟು ಮೊಂಡು.

ಮೊದಲು ಉಳಿಕೆ ತುಂಡಿನಲ್ಲಿ ನಾಲ್ಕು ಕಿಂಡಿ ಕೊರೆಸಿ. ನಿಮ್ಮ ದಪ್ಪಕ್ಕೆ ಸರಿಸಮ ಒಂದು, ಆಮೇಲೆ 0.1, 0.2, 0.3 ಹೆಚ್ಚಿನವು. ಹಲಗೆಯ ತುಂಡು ತೂರಿಸಿ ನೋಡಿ. ಅಂಗೈಯಲ್ಲಿ ತಳ್ಳಿದರೆ ಅರ್ಧ ಹೋಗಿ, ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಉಳಿದರ್ಧ ಹೋಗುವುದೇ ಸರಿಯಾದ ಬಿಗಿ. ಬಿಟ್ಟಿನ ಸವೆತ, ಯಂತ್ರದ ಅಲುಗಾಟ ಎಲ್ಲ ಸೇರಿ ಪ್ರತಿ ಅಂಗಡಿಯಲ್ಲೂ ಈ ಸಂಖ್ಯೆ ಬೇರೆ. ನಾನು ಮೇಲೆ ಹೇಳಿದ 0.1ಕ್ಕಿಂತ ಈ ತುಂಡು ಹೇಳುವುದನ್ನು ನಂಬಿ.

ಒಳಗಿನ ತೂತು, ಕಿಂಡಿ ಮೊದಲು. ಹೊರಗೆರೆ ಕೊನೆಗೆ. ಹೊರಗೆರೆ ಮೊದಲು ಕೊರೆದರೆ ಭಾಗ ಅಲುಗಿ ತೂತು ಓರೆಯಾಗುತ್ತದೆ. ಹೊರಗೆರೆಯಲ್ಲೂ ಭಾಗಕ್ಕೆ ನಾಲ್ಕೈದು ಕಡೆ 8 ಮಿ.ಮೀ. ಅಗಲ, 3 ಮಿ.ಮೀ. ಎತ್ತರದ ಸಣ್ಣ ಸೇತುವೆ ಬಿಡಿಸಿ. ನಾಲಿಗೆಯ ಮೇಲೆ ಮಾತ್ರ ಸೇತುವೆ ಬೇಡ. ಮೊದಲ ಓಟಗಳಲ್ಲಿ 0.3 ಮಿ.ಮೀ. ಉಳಿಸಿ, ಕೊನೆಗೆ ಒಂದೇ ಓಟದಲ್ಲಿ ಅದನ್ನು ತೆಗೆಸಿದರೆ ಅಂಚು ನಯವಾಗಿ ಬರುತ್ತದೆ.

ಕರೆಂಟು ಹೋಗಬಹುದು. ನಡುವೆ ನಿಂತರೆ ಯಂತ್ರಕ್ಕೆ ತಾನೆಲ್ಲಿದ್ದೆ ಅನ್ನುವುದು ಮರೆತುಹೋಗುವ ಸಾಧ್ಯತೆ ಇದೆ. ಶುರುವಿಗೇ ಸೊನ್ನೆಯ ಮೂಲೆಯಲ್ಲಿ ಎಂಡಿಎಫ್ ಮೇಲೆ ಒಂದು ಸಣ್ಣ ಗುಂಡಿ ಕೊರೆಸಿಟ್ಟರೆ ಮತ್ತೆ ಅಲ್ಲಿಂದಲೇ ಹಿಡಿಯಬಹುದು.

ಮೂಗಿಗೆ ಎನ್95 ಮಾಸ್ಕ್ ಇರಲಿ. ಮರದ ಪುಡಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇದೆ. ತಿರುಗುವ ಬಿಟ್ಟಿನ ಹತ್ತಿರ ಗ್ಲೌಸ್ ಬೇಡ, ಸುತ್ತಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಉಳಿಯ ಕೆಲಸ

ದುಂಡು ಬಿಟ್ಟು ಚೌಕ ಮೂಲೆ ಕೊರೆಯಲಾರದು. ಪ್ರತಿ ತೂತಿನ ಮೂಲೆಯಲ್ಲೂ 3 ಮಿ.ಮೀ. ದುಂಡು ಉಳಿದಿರುತ್ತದೆ. ಕೆಲವರು ನಕ್ಷೆಯಲ್ಲೇ ಮೂಲೆಗೆ ಕಿವಿಯಂಥ ಗುಂಡಿ ಬಿಡುತ್ತಾರೆ. ಪ್ಲೈವುಡ್‌ಗೆ ಅದು ಸರಿ. ತೇಗದ ಬೆಂಚಿನ ಮೇಲೆ, ಕೂರುವ ಜಾಗದಲ್ಲೇ ಆ ಗುಂಡಿಗಳು ಕಾಣುವುದು ನನಗಂತೂ ಇಷ್ಟವಿಲ್ಲ. ಚೂಪಾದ 12 ಮಿ.ಮೀ. ಉಳಿ ತೆಗೆದುಕೊಳ್ಳಿ. ಯಂತ್ರ ಕೊರೆದ ಗೋಡೆಗೆ ಉಳಿಯ ಬೆನ್ನನ್ನು ಒತ್ತಿ ಹಿಡಿದರೆ ಅದೇ ದಾರಿ ತೋರಿಸುತ್ತದೆ. ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ತೆಗೆಯಿರಿ. ಒಂದೇ ಕಡೆಯಿಂದ ಹೊಡೆದರೆ ಆಚೆ ಬದಿ ಸಿಬಿರು ಏಳುತ್ತದೆ.

ಕಾಲಿನ ನಾಲಿಗೆಗಳಿಗೆ ಬೆಣೆಯ ಸೀಳು ಹಾಕಬೇಕು. ಇದನ್ನು ಚಪ್ಪಟೆ ಮಲಗಿಸಿದ ಹಲಗೆಯಲ್ಲಿ ಯಂತ್ರ ಮಾಡಲಾರದು, ಕೈಗರಗಸವೇ ಬೇಕು. ನಾಲಿಗೆಯ ದಪ್ಪದ ನಡುಮಧ್ಯದಲ್ಲಿ, 60 ಮಿ.ಮೀ. ಅಗಲದುದ್ದಕ್ಕೂ, 18 ಮಿ.ಮೀ. ಆಳಕ್ಕೆ ಕೊಯ್ಯಿರಿ. ಹೀಗೆ ಮಾಡಿದರೆ ಬೆಣೆ ಮೇಲ್ಹಲಗೆಯ ಎಳೆಗೆ ಅಡ್ಡವಾಗಿ ಕೂತು, ಎಳೆಯ ಉದ್ದಕ್ಕೆ ಒತ್ತುತ್ತದೆ. ತಿರುಗಿಸಿ ಹಾಕಿದರೆ ಹಲಗೆಯೇ ಸೀಳುತ್ತದೆ. ಬೆಣೆಗೆ ಹಲಸಿನ ತುಂಡು ಸಿಕ್ಕರೆ ಅದನ್ನೇ ಬಳಸಿ. ಆ ಹಳದಿ ಗೆರೆ ತೇಗದ ಮೇಲೆ ಚೆಂದ ಕಾಣುತ್ತದೆ.

ಅಡ್ಡಪಟ್ಟಿಯ ಬೆಣೆ 90 ಮಿ.ಮೀ. ಉದ್ದ, ಒಂದು ತುದಿ 20, ಇನ್ನೊಂದು 11. ಕಿಂಡಿಯ ಹೊರಗೋಡೆಗೂ ಇದೇ ಓರೆಯನ್ನು ಉಳಿಯಿಂದ ಕೊಡಿ. ಕಿಂಡಿ ಪಕ್ಕಕ್ಕೆ ತೆರೆದಿರುವುದರಿಂದ ಬೆಣೆ ಪಕ್ಕದಿಂದ ಹೋಗುತ್ತದೆ, ಮೇಲಿನಿಂದಲ್ಲ.

ಉಜ್ಜುವುದು, ಜೋಡಿಸುವುದು

ನಾಲಿಗೆಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ. ಅವನ್ನು ಉಜ್ಜಬಾರದು. ಎರಡೂ ಕಡೆ ಸ್ವಲ್ಪ ಉಜ್ಜಿದರೂ 0.2 ಮಿ.ಮೀ. ಹೋಗುತ್ತದೆ, ಅಷ್ಟು ಕಷ್ಟಪಟ್ಟು ಹಿಡಿದ ಬಿಗಿ ಸಡಿಲವಾಗುತ್ತದೆ. ಉಳಿದೆಡೆ 100ರ ಸ್ಯಾಂಡ್ ಪೇಪರಿನಿಂದ ಬಿಟ್ಟಿನ ಗುರುತು ತೆಗೆದು, 120, 150, 180, 220. ನಂಬರ್ ಹಾರಿಸಬೇಡಿ. ಯಾವಾಗಲೂ ಎಳೆಯ ಉದ್ದಕ್ಕೇ ಉಜ್ಜಿ. ಟಾರ್ಚನ್ನು ಹಲಗೆಗೆ ಅಡ್ಡ ಹಿಡಿದು ನೋಡಿದರೆ ಉಳಿದ ಗೀರುಗಳು ಕಾಣುತ್ತವೆ. ಅಂಚುಗಳನ್ನೆಲ್ಲ 2 ಮಿ.ಮೀ. ದುಂಡು ಮಾಡಿ. ಯಂತ್ರದಿಂದ ಬಂದ ಚೂಪು ಅಂಚು ತೊಡೆಗೆ ಒತ್ತುತ್ತದೆ, ಪಾಲಿಶ್ ಕೂಡ ಅಲ್ಲಿ ನಿಲ್ಲುವುದಿಲ್ಲ.

ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಮೂಲೆಮಟ್ಟ ಹಿಡಿದು ಕಾಲು ನೇರ ಇದೆಯೇ ಪರೀಕ್ಷಿಸಿ. ಆಮೇಲೆ ಅಡ್ಡಪಟ್ಟಿಗೆ ಕಾಲುಗಳನ್ನು ತೊಡಿಸಿ ಬೆಣೆಯನ್ನು ಮೆಲ್ಲಗೆ ಹಾಕಿ. ಕಾಲಿನ ನಾಲಿಗೆಗಳನ್ನು ಅಸಿಟೋನಿನಿಂದ ಒರೆಸಿ, ಅಂಟು ಹಚ್ಚಿ, ಮೇಲ್ಹಲಗೆ ಇಳಿಸಿ. ಬೆಣೆಗಳಿಗೂ ಅಂಟು ಹಚ್ಚಿ ನಾಲ್ಕನ್ನೂ ಸುತ್ತು ಸುತ್ತಾಗಿ ಹೊಡೆಯಿರಿ. ಟಪ್ ಟಪ್ ಶಬ್ದ ಗಟ್ಟಿಯಾದಾಗ ನಿಲ್ಲಿಸಿ. ಅಡ್ಡಪಟ್ಟಿಗೆ ಅಂಟು ಬೇಡ. ಮರುದಿನ ಎದ್ದ ತುದಿಗಳನ್ನು ಕೊಯ್ದು, ಕೀಸುಳಿಯಿಂದ ಸಮ ಮಾಡಿ, ಆ ಜಾಗ ಮತ್ತೆ 220ರವರೆಗೆ ಉಜ್ಜಿ.

ಸಂದಿಯಲ್ಲಿ ಬಿರುಕು ಕಂಡರೆ ತೇಗದ ಪುಡಿಗೆ ಫೆವಿಕಾಲ್ ಕಲಸಿ ತುಂಬುವುದು ರೂಢಿ. ಅದು ಪಾಲಿಶ್ ಹಿಡಿಯದೆ ಕಲೆಯಾಗಿ ಕಾಣುತ್ತದೆ. ತೆಳು ಮರದ ಚಕ್ಕೆ ಸಿಗಿಸುವುದು ಮೇಲು. ತೀರಾ ಸಣ್ಣ ಬಿರುಕಾದರೆ ಪುಡಿಯನ್ನು ಅರಗಿನ ಪಾಲಿಶ್‌ನಲ್ಲಿ ಕಲಸಿ.

ಎಣ್ಣೆಯೋ ಪಾಲಿಶೋ

ಆಚಾರ್ರನ್ನು ಕೇಳಿದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಪಾಲಿಶ್ ಹೇಳುತ್ತಾರೆ. ನೀರು, ಸಾರು ಚೆಲ್ಲುವ ಊಟದ ಮೇಜಿಗೆ ಪಿಯು ನಿಜಕ್ಕೂ ಒಳ್ಳೆಯದು. ದಿನಾ ಕೂತು ಏಳುವ ಬೆಂಚಿಗೆ ನನ್ನ ಆಯ್ಕೆ ಎಣ್ಣೆ. ಪಿಯು ಗೀರಿದರೆ ಪೂರ್ತಿ ಉಜ್ಜಿ ಮತ್ತೆ ಹೊಡೆಯಬೇಕು. ಎಣ್ಣೆಯಾದರೆ ಗೀರಿದ ಜಾಗಕ್ಕೆ ಮಾತ್ರ ಒಂದು ಒರೆತ ಸಾಕು.

ಅಂಗಡಿಯಲ್ಲಿ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ, ಅದು ಬೇಗ ಒಣಗುವಂತೆ ಮಾಡಿದ ಅಗಸೆ ಎಣ್ಣೆ. ಹಸಿ ಅಗಸೆ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಹಲಗೆಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ. ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿಸಿದ್ದನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ. ಒರೆಸದೆ ಬಿಟ್ಟರೆ ಅಂಟಂಟಾಗುತ್ತದೆ. ಒಂದು ದಿನ ಒಣಗಿಸಿ, 400ರ ಪೇಪರಿನಿಂದ ಹಗುರವಾಗಿ ಸವರಿ, ಮತ್ತೆ ಹಚ್ಚಿ. ಮೂರು ಸುತ್ತು ಸಾಕು. ಮಳೆಗಾಲದಲ್ಲಿ ಸುತ್ತುಗಳ ನಡುವೆ ಎರಡು ಮೂರು ದಿನ ಬಿಡಬೇಕಾದೀತು. ಕೊನೆಗೆ ಜೇನುಮೇಣದ ಪಾಲಿಶ್ ಉಜ್ಜಿದರೆ ಕೈಗೆ ಹಿತವಾದ ನುಣುಪು ಬರುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಂಡೀತು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಪಿಯು ಬೇಕೆನ್ನುವವರು ಮೊದಲು ಮೇಣ ತೆಗೆದ ಅರಗಿನ ತೆಳು ಪಾಲಿಶ್ ಒಂದು ಕೋಟ್ ಕೊಡಿ. ತೇಗದ ಎಣ್ಣೆ ಮೇಲೇರದಂತೆ ಅದು ತಡೆಯುತ್ತದೆ, ಪಿಯು ಸರಿಯಾಗಿ ಒಣಗುತ್ತದೆ. ಎರಡು ಡಬ್ಬಿ ಬೆರೆಸುವ ಲೆಕ್ಕ ಡಬ್ಬಿಯ ಮೇಲೆ ಬರೆದಂತೆಯೇ ಇರಲಿ, ಅಂದಾಜು ಬೇಡ. ಜಿಟಿಜಿಟಿ ಮಳೆಯ ದಿನ ಅರಗಿನ ಪಾಲಿಶ್ ಬಿಳಿ ಮಬ್ಬು ಕಟ್ಟುತ್ತದೆ, ಆ ಕೆಲಸವನ್ನು ಬಿಸಿಲಿನ ದಿನಕ್ಕೆ ಇಟ್ಟುಕೊಳ್ಳಿ.

ಮೇಲ್ಹಲಗೆಯ ಅಡಿಮೈಗೂ ಅಷ್ಟೇ ಕೋಟ್ ಬೇಕು. ಕಾಣುವುದಿಲ್ಲ ಅಂತ ಸುಮ್ನೆ ಬಿಟ್ಟರೆ ಅಡಿಯಿಂದ ತೇವ ಎಳೆದು ಹಲಗೆ ಬಟ್ಟಲಿನ ಹಾಗೆ ಬಾಗುತ್ತದೆ.

ಮೊದಲ ಬೇಸಿಗೆಯಲ್ಲಿ ಮರ ಕುಗ್ಗಿ ಅಡ್ಡಪಟ್ಟಿಯ ಬೆಣೆ ಕೊಂಚ ಸಡಿಲವಾಗುತ್ತದೆ. ಕೊಡತಿಯಿಂದ ಎರಡೇಟು ತಟ್ಟಿದರೆ ಮತ್ತೆ ಬಿಗಿ. ಮನೆ ಬದಲಾಯಿಸುವಾಗಲೂ ಅದೇ ಬೆಣೆ ತಟ್ಟಿ ಅಡ್ಡಪಟ್ಟಿಯನ್ನು ಬಿಗಿ ಮಾಡಿಕೊಂಡೇ ಸಾಗಿಸಿ. ಲಾರಿಯ ಕುಲುಕಾಟದ ಒತ್ತಡ ಆಗ ಅಂಟಿಸಿದ ಕಾಲುಗಳ ಮೇಲೆ ಕಡಿಮೆ ಬೀಳುತ್ತದೆ.